ನಮ್ಮ ಸೀಮೆಯ ಹಳೇ ಟ್ರ್ಯಾಕ್ಟರುಗಳು

ಶಾಲೆಯ ಬಗ್ಗೆ, ನಮಗೆ ಅಕ್ಷರ ಕೊಟ್ಟ ಗುರುಗಳ ಬಗ್ಗೆ ಈ ಸಂಚಿಕೆಯಲ್ಲಿ ನನಗಿಂತ ಹಿರಿಯರು ಬರೆಯುತ್ತಾರೆ. ನಾನು ಆರಿಸಿಕೊಂಡಿರುವುದು ಶಾಲೆಯ ಕಾಂಪೌಂಡಿನ ಆಚೆ, ರಸ್ತೆಯಲ್ಲಿ ಈ 50 ವರ್ಷವೂ ಸದ್ದು ಮಾಡಿಕೊಂಡು ಓಡಾಡಿದ ಟ್ರ್ಯಾಕ್ಟರುಗಳ ಚರಿತ್ರೆ. ಗಣಿತದ ಪೀರಿಯಡ್ಡಿನಲ್ಲಿ ಕಿಟಕಿಯ ಕಡೆ ತಿರುಗದೆ, ಬರೀ ಸದ್ದು ಕೇಳಿಯೇ ‘ಇದು ಐಷರ್, ಅದು ಫೋರ್ಡ್’ ಎಂದು ಹೇಳುವ ಹುಡುಗರು ಪ್ರತಿ ಬ್ಯಾಚಿನಲ್ಲೂ ಇದ್ದರು. ಅದು ದೊಡ್ಡ ವಿದ್ಯೆಯೇನಲ್ಲ. ಐಷರಿಗೆ ಒಂದೇ ಸಿಲಿಂಡರು, ಗಾಳಿಯಿಂದಲೇ ತಣಿಯುವ ಇಂಜಿನ್ನು, ಡಬ್ ಡಬ್ ಎಂದು ಬಿಡಿಬಿಡಿಯಾಗಿ ಬಡಿಯುತ್ತದೆ. ಫೋರ್ಡಿಗೆ ಮೂರು ಸಿಲಿಂಡರು, ಸದ್ದು ಒಂದಕ್ಕೊಂದು ಅಂಟಿಕೊಂಡು ಬರುತ್ತದೆ.

ನಮ್ಮ ಸೀಮೆ ಎಂದರೆ ವೈಟ್‌ಫೀಲ್ಡಿನಿಂದ ಹೊಸಕೋಟೆ, ಮಾಲೂರಿನ ಕಡೆಗೆ ಹರಡಿದ ಕೆಂಪು ಮಣ್ಣಿನ ರಾಗಿ ಸೀಮೆ. ವೈಟ್‌ಫೀಲ್ಡ್ ಅಂದರೆ ಈಗಿನ ಮಕ್ಕಳಿಗೆ ಗಾಜಿನ ಕಟ್ಟಡ, ಮೆಟ್ರೋ. ಆದರೆ 1882ರಲ್ಲಿ ಚಾಮರಾಜ ಒಡೆಯರು ಕೊಟ್ಟ 3,900 ಎಕರೆ ಜಮೀನಿನಲ್ಲಿ, ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಬದುಕಲಿ ಎಂದು ಡಿ.ಎಸ್. ವೈಟ್ ಅವರು ಮುಂದೆ ನಿಂತು ಮಾಡಿಸಿದ ಊರು ಅದು. ಹುಟ್ಟಿದ್ದೇ ತೋಟ-ಹೊಲಗಳ ಊರಾಗಿ.

ದೇಶಕ್ಕೆ ಟ್ರ್ಯಾಕ್ಟರು ದೊಡ್ಡ ಪ್ರಮಾಣದಲ್ಲಿ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಸೈನ್ಯದವರು ಬಿಟ್ಟುಹೋದ ಯಂತ್ರಗಳನ್ನಿಟ್ಟುಕೊಂಡು ಕೇಂದ್ರ ಸರ್ಕಾರ 1947ರಲ್ಲಿ ಟ್ರ್ಯಾಕ್ಟರ್ ಸಂಸ್ಥೆಯೊಂದನ್ನು ಕಟ್ಟಿ ಕಳೆ ಬೆಳೆದ ಬೀಳು ಭೂಮಿ ಹಸನು ಮಾಡಿಸಿತು. ಅಲ್ಲಿಂದ ಮುಂದೆ ಬಹಳ ಕಾಲ ಆಮದೇ ಗತಿ. ಇಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರು 1959ರ ಏಪ್ರಿಲ್‌ನಲ್ಲಿ ಫರಿದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂತು. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಶುರುವಾಗಿ ಮ್ಯಾಸಿ ಫರ್ಗೂಸನ್ ಮಾಡತೊಡಗಿತು. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿದರು. ನಮ್ಮ ಹಿರಿಯರು ಇಂದಿಗೂ ‘ಬಿ ಟೂ ಸೆವೆಂಟಿಫೈವ್’ ಎಂದು ಗೌರವದಿಂದ ಹೇಳುವ ಗಾಡಿ ಅದರಿಂದ ಬಂದದ್ದು. ನಮ್ಮ ರಾಜ್ಯದಲ್ಲಿ ರೈತರಿಗೆ ಯಂತ್ರ ಒದಗಿಸುವುದಕ್ಕೆಂದು 1967ರಲ್ಲಿ ಆಗ್ರೋ ಇಂಡಸ್ಟ್ರೀಸ್ ಕಾರ್ಪೊರೇಷನ್ ಹುಟ್ಟಿತು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಪಹಣಿ ಇಟ್ಟು ಸಾಲ ಕೇಳುವ ಧೈರ್ಯ ಮಧ್ಯಮ ರೈತನಿಗೂ ಬಂತು. ಶಾಲೆಯ ಮೊದಲ ಬ್ಯಾಚಿನವರು ಪರೀಕ್ಷೆ ಬರೆಯುವ ಹೊತ್ತಿಗೆ ನಮ್ಮೂರಲ್ಲಿ ಒಂದು ಟ್ರ್ಯಾಕ್ಟರು ಇತ್ತು. ನಾನು ಎಸ್.ಎಸ್.ಎಲ್.ಸಿ. ಮುಗಿಸುವಾಗ ಎಣಿಸುವ ಅಗತ್ಯವೇ ಇರಲಿಲ್ಲ.

ಇಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು, ಆದರೆ ಯಾರೂ ಹೇಳುವುದಿಲ್ಲ. ಜಾಲಹಳ್ಳಿಯ ಎಚ್.ಎಂ.ಟಿ. ಎಂದರೆ ನಮಗೆ ಗಡಿಯಾರ ನೆನಪಾಗುತ್ತದೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಅದು ಶುರುವಾದದ್ದು ಲೇತ್ ಮಾಡಲು. ಅದೇ ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದ ಜೆಟರ್ ಮಾದರಿಯಲ್ಲಿ 25 ಎಚ್.ಪಿ.ಯ ಟ್ರ್ಯಾಕ್ಟರು ತಯಾರಿಸಿತು. ಹೆಸರು ನಮ್ಮೂರಿನದು, ಗಾಡಿ ಪಂಜಾಬಿನ ಪಕ್ಕದ್ದು, ನಕ್ಷೆ ಯುರೋಪಿನದು! ಎರಡು ಸಿಲಿಂಡರಿನ ಆ 2511 ನಮ್ಮ ಮನೆಯಲ್ಲಿ ಈಗಲೂ ಇದೆ. ನಂಬರ್ ಪ್ಲೇಟಿನಲ್ಲಿ ಕೆ.ಎ. ಅಲ್ಲ, ಹಳೆಯ ಸಿ.ಎ. ಅಕ್ಷರಗಳು.

ಇನ್ನು ಅಡುಗೋಡಿಯ ಮೈಕೊ. ಡೀಸೆಲ್ ಇಂಜಿನ್ನಿನ ಹೃದಯವೆಂದರೆ ಇಂಜೆಕ್ಷನ್ ಪಂಪು, ಹನಿಯಷ್ಟು ಡೀಸೆಲನ್ನು ಸರಿಯಾದ ಗಳಿಗೆಯಲ್ಲಿ ಭಾರೀ ಒತ್ತಡದಲ್ಲಿ ಸಿಲಿಂಡರಿಗೆ ಚಿಮ್ಮಿಸುವ ಯಂತ್ರ. ಉತ್ತರದಲ್ಲಿ ಜೋಡಣೆಯಾದ ಎಷ್ಟೋ ಟ್ರ್ಯಾಕ್ಟರುಗಳ ಪಂಪು ಹೊಸೂರು ರಸ್ತೆಯಿಂದಲೇ ಹೋಗುತ್ತಿತ್ತು. ಮಹದೇವಪುರದ ವಿ.ಎಸ್.ಟಿ. ಟಿಲ್ಲರ್ಸ್ ಅಂತೂ ನಮ್ಮ ಬಾಗಿಲಲ್ಲೇ. 1967ರಲ್ಲಿ ಶುರುವಾಗಿ, ಜಪಾನಿನ ಮಿತ್ಸುಬಿಷಿಯ ತಂತ್ರಜ್ಞಾನದಲ್ಲಿ ಪವರ್ ಟಿಲ್ಲರ್ ಮಾಡಿದವರು, ಆಮೇಲೆ 18.5 ಎಚ್.ಪಿ.ಯ ಸಣ್ಣ ಟ್ರ್ಯಾಕ್ಟರೂ ತಂದರು. ವೈಟ್‌ಫೀಲ್ಡ್ ರಸ್ತೆಯ ಆ ಬೋರ್ಡನ್ನು ಬಸ್ಸಿನ ಕಿಟಕಿಯಿಂದ ಓದಿ ಕನ್ನಡ-ಇಂಗ್ಲಿಷ್ ಎರಡೂ ಕಲಿತವರು ನಮ್ಮಲ್ಲಿ ಕಡಿಮೆ ಇಲ್ಲ.

ಟ್ರ್ಯಾಕ್ಟರು ಬಂದ ಕೂಡಲೇ ಎತ್ತು ಹೋಗಲಿಲ್ಲ. ಮೊದಲ ಹದಿನೈದಿಪ್ಪತ್ತು ವರ್ಷ ಟ್ರ್ಯಾಕ್ಟರಿಗೆ ಇದ್ದ ಕೆಲಸ ಎರಡೇ: ಮಾಗಿ ಉಳುಮೆ ಮತ್ತು ಕಣ. ಬಿತ್ತನೆಗೆ ಕೂರಿಗೆ, ಪೈರಿಗೆ ಕುಂಟೆ, ಹಲುಬೆ, ಇವೆಲ್ಲ ಎತ್ತಿನದೇ. ಕಣದಲ್ಲಿ ಮಾತ್ರ ರೋಣಗಲ್ಲು ಬೇಗ ಮೂಲೆ ಸೇರಿತು. ಹರಡಿದ ರಾಗಿ ತೆನೆಯ ಮೇಲೆ ಟ್ರ್ಯಾಕ್ಟರು ಸುತ್ತು ಹೊಡೆದರೆ ಒಂದು ದಿನದ ಕೆಲಸ ಒಂದೆರಡು ಗಂಟೆಗೆ ಇಳಿಯುತ್ತಿತ್ತು. ಎತ್ತು ನಿಜವಾಗಿ ಹೋದದ್ದು ಹುಲ್ಲುಗಾವಲು, ಗೋಮಾಳ ಹೋದ ಮೇಲೆ, ಎತ್ತು ಕಾಯುವ ಹುಡುಗ ಕಂಪನಿ ಸೇರಿದ ಮೇಲೆ. ಆಮೇಲೆ ರಾಗಿಯನ್ನು ಎರಚಿ ರೋಟವೇಟರ್ ಹೊಡೆಯುವುದು ರೂಢಿಯಾಯಿತು, ಅದರ ಜೊತೆ ಅಕ್ಕಡಿ ಸಾಲೂ ಹೋಯಿತು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಎಂದು ಮನೆಯ ವರ್ಷದ ಸಾರಿಗೆ ಒದಗುತ್ತಿದ್ದ ಸಾಲುಗಳು ಅವು. ಟ್ರ್ಯಾಕ್ಟರಿನ ಗುಣಗಾನ ಮಾಡುವಾಗ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯದೆ ಇರಲಾಗದು.

1994ರಲ್ಲಿ ವೈಟ್‌ಫೀಲ್ಡಿನಲ್ಲಿ ಐ.ಟಿ. ಪಾರ್ಕಿನ ಯೋಜನೆ ರೂಪುಗೊಂಡಿತು. ಮುಂದಿನ ಕಥೆ ಎಲ್ಲರಿಗೂ ಗೊತ್ತು, ನಾನು ಉದ್ದ ಮಾಡುವುದಿಲ್ಲ. ಹೊಲ ಸೈಟಾಯಿತು. ವಿಚಿತ್ರವೆಂದರೆ ಹೊಲ ಹೋದರೂ ಟ್ರ್ಯಾಕ್ಟರು ಹೋಗಲಿಲ್ಲ. ಮೊದಲು ಇಟ್ಟಿಗೆ, ಸೈಜುಗಲ್ಲು, ಮರಳು ಹೊತ್ತಿತು, ಆಮೇಲೆ ನೀರು. ಯಾವ ಗಾಡಿ ಆ ಹೊಲ ಉತ್ತಿತ್ತೋ ಅದೇ ಗಾಡಿ, ಅದೇ ಹೊಲದ ಮೇಲೆದ್ದ ಅಪಾರ್ಟ್‌ಮೆಂಟಿಗೆ, ಪಕ್ಕದ ಹೊಲದ ಬೋರ್‌ವೆಲ್ಲಿನಿಂದ ನೀರು ತುಂಬಿಕೊಂಡು ಹೊರಟಿತು. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವಾದಾಗ, 5 ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. 6,000 ಲೀಟರ್ ಎಂದರೆ ನೀರೇ ಆರು ಟನ್. ಹೊಲದಲ್ಲಿ ನಡಿಗೆಯ ವೇಗಕ್ಕೆಂದು ಮಾಡಿದ ಹಳೇ ಬ್ರೇಕಿನ ಗಾಡಿಗೆ ಆರು ಟನ್ ಕಟ್ಟಿ ಇಳಿಜಾರಿನಲ್ಲಿ ಬಿಡುವುದು ಹುಡುಗಾಟವಲ್ಲ. ಇದನ್ನು ಓದುವ ಟ್ಯಾಂಕರ್ ಮಾಲೀಕ ಮಿತ್ರರು ಬೇಸರ ಮಾಡಿಕೊಳ್ಳಬಾರದು, ಎಡ-ಬಲದ ಬ್ರೇಕ್ ಪೆಡಲುಗಳಿಗೆ ಕೊಂಡಿ ಹಾಕದೆ ರಸ್ತೆಗೆ ಇಳಿಯಬೇಡಿ.

ಈಗ ಮುಖ್ಯ ಪ್ರಶ್ನೆ. ಎರಡು ಎಕರೆ ಉಳಿಸಿಕೊಂಡವನಿಗೆ ಹಳೇ ಟ್ರ್ಯಾಕ್ಟರು ಯಾಕೆ? ಆಫೀಸಿನಲ್ಲಿ ಸ್ನೇಹಿತರು ಇದನ್ನು ಶೋಕಿ ಎಂದುಕೊಳ್ಳುತ್ತಾರೆ, ಊರಲ್ಲಿ ಕೆಲವರು ಜಿಪುಣತನ ಎನ್ನುತ್ತಾರೆ. ಲೆಕ್ಕ ಹೀಗಿದೆ. ನಮ್ಮ ಎರಡು ಎಕರೆಗೆ ವರ್ಷಕ್ಕೆ ಉಳುಮೆ, ರೋಟವೇಟರ್, ಗೊಬ್ಬರ, ಕಣ ಎಲ್ಲ ಸೇರಿ ಹದಿನೈದು ಗಂಟೆಯ ಕೆಲಸ. ಬಾಡಿಗೆ ಗಂಟೆಗೆ ಸಾವಿರ ರೂಪಾಯಿ ಹಿಡಿದರೆ 15,000. ಹೊಸ ಗಾಡಿ ಆರು ಲಕ್ಷ ದಾಟುತ್ತದೆ, ನೂರಕ್ಕೆ ಹತ್ತರಂತೆ ಬಡ್ಡಿಯೇ 60,000. ಹಾಗಾಗಿ ಹೊಸದು ಮಾತೇ ಇಲ್ಲ. ಹಳೇ ಗಾಡಿಯ ರಿಪೇರಿ, ಆಯಿಲ್, ಬ್ಯಾಟರಿ ಸರಾಸರಿ ನೋಡಿದರೆ ಅದೂ ಬಾಡಿಗೆಯ ಹತ್ತಿರಕ್ಕೇ ಬರುತ್ತದೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣದ ಓಡಾಟ ಬೇರೆ. ಅಂದರೆ ಹಳೇ ಟ್ರ್ಯಾಕ್ಟರು ದುಡ್ಡು ಉಳಿಸುವುದಿಲ್ಲ.

ಅದು ಉಳಿಸುವುದು ಹದ. ಪುನರ್ವಸು ಮಳೆ ಬಿದ್ದ ಮೇಲೆ ನಮ್ಮ ಕೆಂಪು ಮಣ್ಣಿನಲ್ಲಿ ಹದ ನಿಲ್ಲುವುದು ಎರಡು ದಿನ, ಮೋಡ ಇದ್ದರೆ ಮೂರು. ಆ ಎರಡು ದಿನ ಊರಿಗೆಲ್ಲ ಟ್ರ್ಯಾಕ್ಟರು ಬೇಕು. ಹೋಬಳಿಗೊಂದರಂತೆ ಸರ್ಕಾರ ತೆರೆದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಒಳ್ಳೆಯ ಯೋಜನೆ. ಆದರೆ ಇರುವ ಗಾಡಿಗಳು ಎರಡು ದಿನದಲ್ಲಿ ಎಷ್ಟು ಹೊಲ ತಾನೇ ಮುಟ್ಟಿಯಾವು? ದೊಡ್ಡ ಹಿಡುವಳಿಗೆ ಮೊದಲು ಹೋಗುವುದು ಬಾಡಿಗೆಯವರ ತಪ್ಪೂ ಅಲ್ಲ. ಎರಡು ಎಕರೆಯವನ ಸರದಿ ನಾಲ್ಕನೇ ದಿನ ಬರುತ್ತದೆ, ಅಷ್ಟರಲ್ಲಿ ಮಣ್ಣು ಹೆಂಟೆಯಾಗಿರುತ್ತದೆ. ಮನೆಯ ಮುಂದೆ ನಿಂತಿರುವ ಗಾಡಿ ಆ ಬೆಳಿಗ್ಗೆ ಆರು ಗಂಟೆಗೆ ಸ್ಟಾರ್ಟ್ ಆದರೆ ಅದರ ವರ್ಷದ ಸಂಬಳ ಸಂದಂತೆ. ನಮ್ಮ ಅಪ್ಪ ಇವತ್ತಿಗೂ ಜುಲೈ ತಿಂಗಳಲ್ಲಿ ಅದನ್ನು ಇಳಿಜಾರಿನಲ್ಲೇ ನಿಲ್ಲಿಸುತ್ತಾರೆ. ಸೆಲ್ಫ್ ಕೈಕೊಟ್ಟರೆ ತಳ್ಳಲು ಮನೆಯಲ್ಲಿ ಈಗ ಜನ ಇಲ್ಲ.

ಸ್ಟಾರ್ಟ್ ಆಗಬೇಕಾದರೆ ರಿಪೇರಿ ಬಲ್ಲವರು ಬೇಕು. ಕೇಂದ್ರ ಸಚಿವ ಸಂಪುಟ 2016ರಲ್ಲಿ ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿತು. ಕಂಪನಿ ಮುಚ್ಚಿದ ಗಾಡಿ ಹೇಗೆ ಓಡುತ್ತದೆ ಎಂದು ಕೇಳುವವರಿದ್ದಾರೆ. ಬೇರಿಂಗಿಗೆ ಕಂಪನಿ ಬೇಕಿಲ್ಲ. 6205 ಎಂದರೆ ಜಗತ್ತಿನ ಯಾವ ಮೂಲೆಯಲ್ಲೂ ಒಳ ಅಳತೆ 25 ಮಿ.ಮೀ., ಹೊರ ಅಳತೆ 52. ನಂಬರು ಹೇಳಿದರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಆಯಿಲ್ ಸೀಲು, ಬೆಲ್ಟು, ಟೈರು ಇವೂ ಹಾಗೆಯೇ. ಕಷ್ಟ ಇರುವುದು ಗಿಯರಿನದು. ಅದಕ್ಕೆ ಪೀಣ್ಯವೇ ದಾರಿ. ಹಲ್ಲು ಮುರಿದ ಗಿಯರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟರೆ, ಹಲ್ಲು ಎಣಿಸಿ, ಅಳತೆ ತೆಗೆದು, ಇ.ಎನ್. 353 ಉಕ್ಕಿನಲ್ಲಿ ಕಡೆದು, ಮೇಲ್ಮೈ ಮಾತ್ರ ಗಟ್ಟಿಯಾಗುವಂತೆ ಕಾಯಿಸಿ ಕೊಡುವ ಸಣ್ಣ ಶೆಡ್ಡುಗಳು ಅಲ್ಲಿವೆ. ಒಳಗೆಲ್ಲ ಗಟ್ಟಿಯಾದರೆ ಹಲ್ಲು ಗಾಜಿನಂತೆ ಒಡೆಯುತ್ತದೆ, ಮೇಲೆ ಮೆತ್ತಗಾದರೆ ಒಂದೇ ಹಂಗಾಮಿಗೆ ಸವೆಯುತ್ತದೆ. ಆ ಹದ ಮಣ್ಣಿನ ಹದಕ್ಕಿಂತ ಸೂಕ್ಷ್ಮ. ನಾನು ಬಿ.ಇ. ಓದಿದ್ದೇನೆ, ಆದರೆ ಶೆಡ್ಡಿನಲ್ಲಿ ಅರ್ಧ ಗಂಟೆ ನಿಂತಾಗ ತಿಳಿದದ್ದು ಪುಸ್ತಕದಲ್ಲಿ ತಿಳಿದಿರಲಿಲ್ಲ. ನಮ್ಮ ಹೊಲಗಳನ್ನು ತಿಂದದ್ದು ಕೈಗಾರಿಕೆ ಎನ್ನುತ್ತೇವೆ. ನಿಜ. ಉಳಿದ ಹೊಲದ ಯಂತ್ರವನ್ನು ಬದುಕಿಸಿಟ್ಟಿರುವುದೂ ಅದೇ ಕೈಗಾರಿಕೆ.

ಒಂದು ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳೇ ಗಾಡಿಗಳಲ್ಲಿ ಹಿಂದೆ ತಿರುಗುವ ಪಿ.ಟಿ.ಓ. ಶಾಫ್ಟಿಗೆ ಮುಚ್ಚಳ ಉಳಿದಿರುವುದು ಅಪರೂಪ. ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಪಂಚೆಯ ಅಂಚು, ಸೀರೆಯ ಸೆರಗು ತಗುಲಿದರೆ ಕೂಗುವಷ್ಟು ಸಮಯವೂ ಇರುವುದಿಲ್ಲ. ತಗಡು ಬಗ್ಗಿಸಿ ಮುಚ್ಚಳ ಮಾಡಿಸುವುದಕ್ಕೆ ಹೆಚ್ಚು ಖರ್ಚಿಲ್ಲ.

ಪೀಣ್ಯದ ಆ ಶೆಡ್ಡುಗಳ ಲೇತಿನ ಮುಂದೆ ನಿಂತವರಲ್ಲಿ ನಮ್ಮ ಶಾಲೆಯವರೂ ಇದ್ದಾರೆ ಎಂಬುದು ಈ ಸಂಚಿಕೆಯಲ್ಲಿ ದಾಖಲಾಗಬೇಕು. ಎಸ್.ಎಸ್.ಎಲ್.ಸಿ. ನಂತರ ಪಿ.ಯು.ಸಿ. ಸೇರಲಾಗದೆ ಐ.ಟಿ.ಐ.ನಲ್ಲಿ ಫಿಟ್ಟರ್, ಟರ್ನರ್ ಕಲಿತವರನ್ನು ಸನ್ಮಾನದ ಪಟ್ಟಿಯಲ್ಲಿ ನಾವು ಹುಡುಕುವುದಿಲ್ಲ. ಮೊದಮೊದಲ ಬ್ಯಾಚಿನ ಒಬ್ಬರು ಪೀಣ್ಯದಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿ, ಹುಣಸೆಮರದ ಕೆಳಗೆ ಟ್ರ್ಯಾಕ್ಟರ್ ರಿಪೇರಿ ಇಟ್ಟುಕೊಂಡಿದ್ದಾರೆ. ಸುತ್ತಿನ ಹಳ್ಳಿಗಳ ಹಳೇ ಗಾಡಿಗಳೆಲ್ಲ ಓಡುತ್ತಿರುವುದು ಅವರಿಂದ. ಹೆಸರು ಬರೆಯಲೇ ಅಣ್ಣಾ ಎಂದು ಕೇಳಿದೆ. “ಬ್ಯಾಡ ಕಣಪ್ಪ, ಹೆಸರು ಹಾಕಿದ್ರೆ ಇನ್ನೂ ನಾಕು ಗಾಡಿ ಬಾಗಿಲಿಗೆ ಬತ್ತವೆ” ಎಂದರು. ಅವರಿಗೆ ಅರವತ್ತು ದಾಟಿದೆ. ಕೆಲಸ ಕಲಿಯಲು ಬಂದ ಇಬ್ಬರು ಹುಡುಗರು ಡೆಲಿವರಿ ಕೆಲಸ ಹಿಡಿದು ಹೋದರು. ಅವರಿಗೆ ಅಲ್ಲಿ ತಿಂಗಳ ಕೊನೆಗೆ ಕೈಗೆ ದುಡ್ಡು ಬರುತ್ತದೆ, ತಪ್ಪೆನ್ನಲು ನಾನು ಯಾರು?

ಅವರ ಬಳಿ ಮೂರು ನೋಟ್‌ಬುಕ್ಕುಗಳಿವೆ. ಯಾವ ಗಾಡಿಗೆ ಯಾವ ನಂಬರಿನ ಬೇರಿಂಗು, ಯಾವುದರ ಸೀಲು ಯಾವುದಕ್ಕೆ ಹೊಂದುತ್ತದೆ, ಯಾವ ಗಿಯರಿಗೆ ಎಷ್ಟು ಹಲ್ಲು, ಎಲ್ಲವೂ ಕನ್ನಡದಲ್ಲಿ, ಗ್ರೀಸಿನ ಬೆರಳ ಗುರುತಿನ ಸಮೇತ. ಅವರ ಒಪ್ಪಿಗೆ ಪಡೆದು ಪುಟಪುಟವನ್ನೂ ಫೋಟೋ ತೆಗೆದು, ಮುದ್ರಿಸಿದ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ, ಬೇಕಾದವರು ನೋಡಬಹುದು. ತಾರೀಖಿನ ಜಾಗದಲ್ಲಿ ಅವರು ತಿಂಗಳು ಬರೆಯುವುದಿಲ್ಲ, ಮಳೆಯ ಹೆಸರು ಬರೆಯುತ್ತಾರೆ. ‘ಆರಿದ್ರ, ಕ್ಲಚ್ ಪ್ಲೇಟ್.’ ‘ಮಗೆ, ರೇಡಿಯೇಟರ್.’ ಪುನರ್ವಸುವಿನ ಕೆಳಗೆ ಮಾತ್ರ ಪ್ರತಿ ವರ್ಷವೂ ಎರಡು ಮೂರು ಪುಟ ತುಂಬಿದೆ.