ಅರ್ಗಿನುಸೆಯ ವಿಚಾರಣೆ

ಪ್ರಾಚೀನ ಅಥೆನ್ಸಿನ ಪ್ರಜಾಪ್ರಭುತ್ವದಲ್ಲಿ ಅಧಿಕಾರವೆಂಬುದು ಬಹುಮಟ್ಟಿಗೆ ಚೀಟಿಯೆತ್ತಿ ಹಂಚಿಕೊಳ್ಳುವ ಸರದಿಯ ಸೇವೆಯಾಗಿದ್ದಿತು. ಹತ್ತು ಕುಲಗಳಿಂದ ತಲಾ 50 ಮಂದಿ ಸೇರಿ ಐನೂರರ ಮಂಡಲಿಯಾಗುತ್ತಿದ್ದಿತು. ವರ್ಷದ ದಶಾಂಶದಷ್ಟು ಕಾಲ ಒಂದೊಂದು ಕುಲದ ಐವತ್ತು ಮಂದಿ ಜನಸಭೆಯನ್ನು ನಡೆಸುತ್ತಿದ್ದರು. ಆ ಐವತ್ತರಲ್ಲಿಯೂ ಅಧ್ಯಕ್ಷಪೀಠವು ದಿನಕ್ಕೊಬ್ಬನಂತೆ ಕೈಬದಲಾಗುತ್ತಿದ್ದಿತು. ಬಂದ ಸೂಚನೆಯನ್ನು ಮತಕ್ಕೆ ಹಾಕುವುದು ಅವರ ಕೆಲಸ. ಅದರಲ್ಲಿ ಕೀರ್ತಿಯೂ ಇಲ್ಲ, ಅಪಾಯವೂ ಇಲ್ಲ. ಕ್ರಿ.ಪೂ. 406ರಲ್ಲಿ ಅಂಟಿಯೋಕಿಸ್ ಕುಲದ ಸರದಿ ಬಂದಾಗ ಹಾಗೆ ಕುಳಿತವರಲ್ಲೊಬ್ಬನು, ಅದುವರೆಗೆ ರಾಜಕಾರಣದಿಂದ ದೂರವೇ ಉಳಿದಿದ್ದ ವೃದ್ಧ ಸಾಕ್ರಟೀಸ್.

ಅದೇ ವರ್ಷ ಅಥೆನ್ಸಿನವರು ದಾಸರನ್ನೂ ಹುಟ್ಟುಹಾಕಲು ಕೂರಿಸಿ, ಮೂವತ್ತೇ ದಿನಗಳಲ್ಲಿ 110 ಹಡಗುಗಳನ್ನು ಸಜ್ಜುಗೊಳಿಸಿ, ಅರ್ಗಿನುಸೆ ದ್ವೀಪಗಳ ಬಳಿ ಸ್ಪಾರ್ಟದ ನೌಕಾಬಲವನ್ನು ಮುರಿದಿದ್ದರು. ಆದರೆ ತಮ್ಮ ಕಡೆಯ 25 ಹಡಗುಗಳು ನಷ್ಟವಾಗಿ, ಮೇಲೆದ್ದ ಬಿರುಗಾಳಿಯಲ್ಲಿ ಆ ಹಡಗುಗಳವರನ್ನು ಉದ್ಧರಿಸಲಾಗದೆ ಹೋಯಿತು. ಎಂಟು ಮಂದಿ ಸೇನಾನಿಗಳಲ್ಲಿ ಆರು ಮಂದಿ ಊರಿಗೆ ಮರಳಿದರು. ಗೆದ್ದು ಬಂದವರು ಅಪರಾಧಿಗಳಾಗಿ ನಿಂತರು. ಬಂಧುಬಳಗವೆಲ್ಲ ಕೂಡುವ ಅಪತೂರಿಯ ಹಬ್ಬ ನಡುವೆ ಬಂದಿತು. ಕೂಡಿದವರ ನಡುವೆ ತೆರವಾದ ಸ್ಥಾನಗಳು ಕಣ್ಣಿಗೆ ಕಂಡವು. ಈ ಕ್ರೋಧವನ್ನು ಗುಂಪಿನ ಹುಚ್ಚೆಂದು ತಳ್ಳಿಹಾಕುವುದು ನನಗೆ ಸರಿತೋರದು: ಮಗನಿಗೆ ಉತ್ತರಕ್ರಿಯೆಯನ್ನೂ ಮಾಡಲಾರದ ತಂದೆಯ ದುಃಖ ಸುಳ್ಳಲ್ಲ. ಜನಾಭಿಪ್ರಾಯವನ್ನು ಎದುರಿಸುವುದು ಕಠಿನವಾಗುವುದು ಅದರಲ್ಲಿ ಸತ್ಯಾಂಶವಿರುವಾಗಲೇ.

ಕಲ್ಲಿಕ್ಸೆನಸನೆಂಬವನು ಜನಸಭೆಯ ಮುಂದೆ ತಂದ ಸೂಚನೆ ಹೀಗಿದ್ದಿತು: ಆರು ಮಂದಿಗೂ ಬೇರೆ ಬೇರೆ ವಿಚಾರಣೆಯಿಲ್ಲದೆ, ಒಂದೇ ಮತದಿಂದ ತೀರ್ಪಾಗತಕ್ಕದ್ದು. ಇದು ಶಾಸನವಿರುದ್ಧವೆಂದು ಯೂರಿಪ್ಟೊಲೆಮಸ್ ಮೊದಲಾದ ಕೆಲವರು ತಡೆಯೊಡ್ಡಿದರು. ಪ್ರಜೆಗಳು ತಮಗಿಷ್ಟವಾದುದನ್ನು ಮಾಡದಂತೆ ತಡೆಯಲು ಇವರಾರು ಎಂದು ಸಭೆ ಗರ್ಜಿಸಿತು. ತಡೆಯೊಡ್ಡಿದವರನ್ನೂ ಸೇನಾನಿಗಳೊಡನೆಯೇ ತೀರ್ಪಿಗೆ ಗುರಿಮಾಡಬೇಕೆಂಬ ಸೂಚನೆ ಬಂದೊಡನೆ ಅವರು ಹಿಂದೆಗೆದರು. ಸಭೆಯನ್ನು ನಡೆಸುವವರಲ್ಲಿಯೂ ಕೆಲವರು ಮೊದಲು ಒಲ್ಲೆವೆಂದಿದ್ದರು. ಅದೇ ಬೆದರಿಕೆ ಅವರತ್ತ ತಿರುಗಿದಾಗ ಒಬ್ಬನ ಹೊರತು ಎಲ್ಲರೂ ಮಣಿದರು. ಆ ದಿನ ಅಧ್ಯಕ್ಷಪೀಠವೂ ಸಾಕ್ರಟೀಸನದೇ ಆಗಿದ್ದಿತೆಂದು ಇತಿಹಾಸಕಾರ ಜೆನೊಫನ್ ಒಂದು ಗ್ರಂಥದಲ್ಲಿ ಬರೆದು, ಇನ್ನೊಂದರಲ್ಲಿ ಅವನನ್ನು ಕೇವಲ ಸದಸ್ಯನೆಂದು ಕರೆದಿದ್ದಾನೆ. ಅದೇನೇ ಇರಲಿ, ಇಡೀ ನಗರವನ್ನು ಪ್ರಶ್ನೆಗಳಿಂದ ಕಾಡಿದ ಈ ವಾಗ್ಮಿ ಅಂದು ಭಾಷಣಮಾಡಿದನೆಂದು ಯಾರೂ ಹೇಳಿಲ್ಲ. ಶಾಸನಕ್ಕೆ ವಿರುದ್ಧವಾದುದನ್ನು ತಾನು ಮಾಡೆನೆಂದನು, ಅಷ್ಟೆ. ಅದರಿಂದ ಯಾರ ಪ್ರಾಣವೂ ಉಳಿಯಲಿಲ್ಲ. ಪ್ರತ್ಯೇಕ ವಿಚಾರಣೆ ನಡೆಯಲೆಂಬ ಯೂರಿಪ್ಟೊಲೆಮಸನ ಪ್ರತಿಸೂಚನೆಗೆ ಮೊದಲ ಎಣಿಕೆಯಲ್ಲಿ ಬಹುಮತ ದೊರೆತರೂ ಆಕ್ಷೇಪಣೆಯೆದ್ದು ಎರಡನೆಯ ಎಣಿಕೆಯಲ್ಲಿ ಅದು ಬಿದ್ದುಹೋಯಿತು. ಮಹಾನಾಯಕ ಪೆರಿಕ್ಲೀಸನ ಮಗನೂ ಸೇರಿ ಆರು ಮಂದಿಗೂ ಮರಣದಂಡನೆಯಾಯಿತು.

ಸಾಕ್ರಟೀಸನನ್ನು ಪ್ರಜಾಪಕ್ಷದ ವೈರಿಯೆಂದು ಬಗೆದವರು ಮರೆಯುವ ಸಂಗತಿಯೊಂದುಂಟು. ಮುಂದೆ, ಮೂವತ್ತು ಮಂದಿ ನಿರಂಕುಶರ ಆಳಿಕೆಯಲ್ಲಿ, ಸಲಾಮಿಸಿನ ಲಿಯೋನನನ್ನು ಕೊಲ್ಲಿಸಲು ಹಿಡಿದುತರಬೇಕೆಂಬ ಅಪ್ಪಣೆ ಐವರಿಗಾದಾಗ, ನಾಲ್ವರು ಸಲಾಮಿಸಿಗೆ ಹೊರಟರು. ಐದನೆಯವನಾದ ಸಾಕ್ರಟೀಸ್ ಮನೆಗೆ ನಡೆದನು.

ಸೇನಾನಿಗಳನ್ನು ಕೊಲ್ಲಿಸಿದುದಕ್ಕೆ ಅಥೆನ್ಸಿನವರು ಬಹುಬೇಗನೆ ಪಶ್ಚಾತ್ತಾಪಪಟ್ಟರು. ಕಲ್ಲಿಕ್ಸೆನಸನು ಮೊದಲು ತಲೆಮರೆಸಿಕೊಂಡು, ಆಮೇಲೆ ಊರಿಗೆ ಮರಳಿ, ಎಲ್ಲರ ದ್ವೇಷಕ್ಕೆ ಪಾತ್ರನಾಗಿ ಹಸಿವಿನಿಂದ ಸತ್ತನು. ನಿರಂಕುಶರು ಉರುಳಿದ ಬಳಿಕ, ಮಂಡಲಿಯ ನಿರ್ಣಯವಾಗಲಿ ಜನಸಭೆಯ ನಿರ್ಣಯವಾಗಲಿ ಶಾಸನಕ್ಕಿಂತ ಮೇಲಲ್ಲವೆಂಬ ನಿಯಮವನ್ನು ಅಥೆನ್ಸಿನವರೇ ಸ್ಥಿರಪಡಿಸಿದರು. ಅಂದು ಸಾಕ್ರಟೀಸ್ ಒಬ್ಬನೇ ಹಿಡಿದು ನಿಂತಿದ್ದ ಪಕ್ಷವೇ ಅದು. ಕ್ರಿ.ಪೂ. 399ರಲ್ಲಿ ಅವನ ಮೇಲೆಯೇ ಆಪಾದನೆ ಬಂದಾಗ ವಿಚಾರಣೆ ಪ್ರತ್ಯೇಕವಾಗಿಯೇ ನಡೆಯಿತು. ವಾದಕ್ಕೆ ಕಾಲಾವಕಾಶವೂ ದೊರೆಯಿತು. ನ್ಯಾಯಸಭೆಯ ಮತ ಕ್ರಮಬದ್ಧವಾಗಿ ಬಿದ್ದಿತು. ವಿಷಪಾನದ ಶಿಕ್ಷೆ ಅವನಿಗೆ ಶಾಸನದ ಪ್ರಕಾರವೇ ಆಯಿತು.