ದಕ್ಷಿಣ ಆಫ್ರಿಕಾ ವಿರುದ್ಧದ ಬಹಿಷ್ಕಾರ ಚಳವಳಿ

ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಕಾನೂನಾಗಿಸಿದ್ದ ವರ್ಣಭೇದ ನೀತಿಯನ್ನು ಪ್ರತಿಭಟಿಸಿ ಹೊರದೇಶಗಳ ಜನ, ಸಂಸ್ಥೆಗಳು ಮತ್ತು ಸರ್ಕಾರಗಳು ಆ ದೇಶದ ಸರಕು ಕೊಳ್ಳುವುದನ್ನು, ಅದರ ತಂಡಗಳೊಡನೆ ಆಡುವುದನ್ನು, ಅಲ್ಲಿ ಹಣ ಹೂಡುವುದನ್ನು ನಿಲ್ಲಿಸಿದ ಚಳವಳಿ. 1946ರಲ್ಲಿ ಭಾರತ ಹೇರಿದ ವ್ಯಾಪಾರ ನಿಷೇಧದಿಂದ ಹಿಡಿದು 1993ರವರೆಗೆ ಇದರ ವ್ಯಾಪ್ತಿ.

ಬಾಯ್ಕಾಟ್ ಎಂಬುದು ಮೂಲತಃ ಒಬ್ಬ ಮನುಷ್ಯನ ಹೆಸರು. 1880ರಲ್ಲಿ ಐರ್ಲೆಂಡಿನ ಮೇಯೊ ಕೌಂಟಿಯ ಗೇಣಿದಾರರು ಜಮೀನುದಾರನ ಏಜೆಂಟನಾಗಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್‌ನ ಹೊಲದಲ್ಲಿ ಕೊಯ್ಲಿಗೆ ಇಳಿಯಲಿಲ್ಲ, ಅಂಗಡಿಯವರು ಅವನಿಗೆ ಸಾಮಾನು ಕೊಡಲಿಲ್ಲ. 1905ರ ಬಂಗಾಳ ವಿಭಜನೆಯ ಕಾಲಕ್ಕೆ ಇದೇ ಅಸ್ತ್ರ ಭಾರತದಲ್ಲಿ ಮ್ಯಾಂಚೆಸ್ಟರ್ ಬಟ್ಟೆಯ ಮೇಲೆ ಪ್ರಯೋಗವಾಯಿತು. ಕನ್ನಡದ 'ಬಹಿಷ್ಕಾರ'ಕ್ಕೆ ಇನ್ನೊಂದು, ಕಹಿಯಾದ ಅರ್ಥವಿದೆ: ಊರಿನ ಬಲಾಢ್ಯರು ದಲಿತ ಕೇರಿಗೆ ಕೂಲಿ, ದಿನಸಿ, ನೀರು ತಪ್ಪಿಸುವುದು. ದಕ್ಷಿಣ ಆಫ್ರಿಕಾದ ಕಥೆಯಲ್ಲಿ ಬಹಿಷ್ಕಾರ ಹಾಕಿದವರು ದುರ್ಬಲರು, ಹಾಕಿಸಿಕೊಂಡವರು ಬಲಾಢ್ಯರು. ಈ ಲೇಖನದುದ್ದಕ್ಕೂ ಪದವನ್ನು ಆ ಅರ್ಥದಲ್ಲೇ ಓದಿಕೊಳ್ಳಬೇಕು.

ಮೊದಲ ಹೆಜ್ಜೆ ಇಟ್ಟ ದೇಶ ಭಾರತ, ಅದೂ ಸ್ವತಂತ್ರವಾಗುವ ಮೊದಲೇ. ದಕ್ಷಿಣ ಆಫ್ರಿಕಾದ ನಟಾಲಿನ ಕಬ್ಬಿನ ತೋಟಗಳಿಗೆ ಗಿರ್ಮಿಟ್ (ಕರಾರು) ಕೂಲಿಗಳಾಗಿ ಹೋದವರ ಮಕ್ಕಳು ಮೊಮ್ಮಕ್ಕಳು ಇಂತಿಂಥ ಕಡೆ ಮಾತ್ರ ನೆಲ ಕೊಳ್ಳಬೇಕು, ವಾಸಿಸಬೇಕು ಎಂಬ ಕಾಯ್ದೆಯನ್ನು ಅಲ್ಲಿನ ಪ್ರಧಾನಿ ಸ್ಮಟ್ಸ್ ಅವರ ಸರ್ಕಾರ 1946ರಲ್ಲಿ ತಂದಿತು. ಡರ್ಬನ್ನಿನಲ್ಲಿ ಭಾರತೀಯರು ಸತ್ಯಾಗ್ರಹಕ್ಕೆ ಕೂತರು. ಭಾರತ ತನ್ನ ಹೈಕಮಿಷನರನ್ನು ಹಿಂದಕ್ಕೆ ಕರೆಸಿಕೊಂಡು ವ್ಯಾಪಾರ ನಿಲ್ಲಿಸಿತು, ವಿಶ್ವಸಂಸ್ಥೆಗೆ ದೂರು ಒಯ್ದಿತು. ಅಲ್ಲಿ ವಿಜಯಲಕ್ಷ್ಮಿ ಪಂಡಿತ್ ವಾದ ಮಂಡಿಸಿದರು. ಆಗ ಭಾರತದ ರಫ್ತಿನಲ್ಲಿ ಸುಮಾರು ಶೇ. 5ರಷ್ಟು ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತಿತ್ತು. ಬಡ ದೇಶವೊಂದು ಅಷ್ಟನ್ನು ಬಿಟ್ಟುಕೊಟ್ಟಿದ್ದು ಸಣ್ಣ ಮಾತಲ್ಲ. ದಕ್ಷಿಣ ಆಫ್ರಿಕಾದ ಹಲವು ಪಟ್ಟು ಶ್ರೀಮಂತ ಗಿರಾಕಿಗಳು ಅದೇ ಹೆಜ್ಜೆಗೆ 40 ವರ್ಷ ತೆಗೆದುಕೊಂಡರು.

1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದ ಮೇಲೆ ವರ್ಣಭೇದ ರಾಜ್ಯದ ಅಧಿಕೃತ ಸಿದ್ಧಾಂತವಾಯಿತು. ಅದರ ವಿರುದ್ಧ ಬಹಿಷ್ಕಾರದ ಕರೆ ಹುಟ್ಟಿದ್ದು ಆ ನೆಲದಲ್ಲೇ. ಕರಿಯರು ಸದಾ ಗುರುತಿನ ಪಾಸ್ ಇಟ್ಟುಕೊಂಡಿರಬೇಕೆಂಬ ಕಾನೂನಿನಡಿ ಸಿಕ್ಕಿಬಿದ್ದ ಕರಿಯರನ್ನು ಬೆಥಲ್ ಸೀಮೆಯ ಆಲೂಗಡ್ಡೆ ತೋಟಗಳಿಗೆ ಬಿಟ್ಟಿ ಆಳುಗಳಂತೆ ಕಳಿಸುತ್ತಿದ್ದರು. 1959ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆಲೂಗಡ್ಡೆ ತಿನ್ನಬೇಡಿ ಎಂದಿತು. ಬಡವರ ತಟ್ಟೆಯಿಂದ ಅದು ಮಾಯವಾಯಿತು. ಅದೇ ವರ್ಷ ಜೂನ್ 26ರಂದು ಲಂಡನ್ನಿನಲ್ಲಿ ತಾಂಗನ್ಯಿಕಾದ ನಾಯಕ ಜೂಲಿಯಸ್ ನೈರೆರೆ ಮತ್ತು ಪಾದ್ರಿ ಟ್ರೆವರ್ ಹಡಲ್‌ಸ್ಟನ್ ಮಾತಾಡಿದ ಸಭೆಯೊಂದರಲ್ಲಿ ಬಹಿಷ್ಕಾರ ಚಳವಳಿ ಆರಂಭವಾಯಿತು. ಇದರಿಂದ ಮೊದಲು ಹೊಟ್ಟೆಗೆ ಪೆಟ್ಟು ಬೀಳುವುದು ಕರಿಯರಿಗೇ ಎಂಬ ಆಕ್ಷೇಪಕ್ಕೆ ಕಾಂಗ್ರೆಸ್ಸಿನ ಅಧ್ಯಕ್ಷ ಆಲ್ಬರ್ಟ್ ಲುಥುಲಿ ಆಗಲೇ ಉತ್ತರ ಕೊಟ್ಟಿದ್ದರು: ಕಷ್ಟ ಬರುವುದು ಗೊತ್ತು, ರಕ್ತಪಾತದ ದಿನಗಳು ಕಡಿಮೆಯಾಗುವುದಾದರೆ ಆ ಬೆಲೆ ತೆರಲು ಸಿದ್ಧರಿದ್ದೇವೆ. ಚಳವಳಿಗೆ ನೈತಿಕ ಬಲ ಬಂದದ್ದು ಈ ಮಾತಿನಿಂದ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಬಲಿಯಾದರು. ಆ ಬಳಿಕ ಲಂಡನ್ನಿನ ಸಂಘಟನೆ ಆಂಟಿ ಅಪಾರ್ಥೀಡ್ ಮೂವ್‌ಮೆಂಟ್ ಎಂದು ಹೆಸರು ಬದಲಿಸಿಕೊಂಡಿತು.

ವಿಶ್ವಸಂಸ್ಥೆಯ ಮಹಾಸಭೆ 1962ರ ನವೆಂಬರ್‌ನಲ್ಲಿ ಸಂಬಂಧ ಕಡಿದುಕೊಳ್ಳುವಂತೆ ಸದಸ್ಯ ದೇಶಗಳನ್ನು ಕೋರಿತು. ಅದು ಬರಿ ಕೋರಿಕೆ. ಶಸ್ತ್ರಾಸ್ತ್ರ ಮಾರಾಟದ ಕಡ್ಡಾಯ ನಿಷೇಧಕ್ಕೆ 1977ರವರೆಗೆ ಕಾಯಬೇಕಾಯಿತು. ಈ ದೀರ್ಘ ಕಾಲದಲ್ಲಿ ವಿಶ್ವಸಂಸ್ಥೆಯ ಒಳಗೆ ವಿಷಯವನ್ನು ಆರಲು ಬಿಡದವರಲ್ಲಿ ಭಾರತೀಯ ಅಧಿಕಾರಿ ಇ. ಎಸ್. ರೆಡ್ಡಿ ಪ್ರಮುಖರು.

ಆಟದ ಮೈದಾನ ಬೇಗ ಮುಚ್ಚಿತು. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ದಕ್ಷಿಣ ಆಫ್ರಿಕಾಕ್ಕೆ ಪ್ರವೇಶ ಸಿಗಲಿಲ್ಲ. 1970ರಲ್ಲಿ ಅದರ ಇಂಗ್ಲೆಂಡ್ ಕ್ರಿಕೆಟ್ ಪ್ರವಾಸ ರದ್ದಾಯಿತು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಅಂಗಳಕ್ಕೇ ಇಳಿಯಲಿಲ್ಲ. ಅಮೃತರಾಜ್ ಸಹೋದರರ ಆ ತಂಡಕ್ಕೆ ಗೆಲ್ಲುವ ಅವಕಾಶವಿತ್ತು. ಡೇವಿಸ್ ಕಪ್ ಭಾರತಕ್ಕೆ ಆಮೇಲೂ ದಕ್ಕಲಿಲ್ಲ.

ಬಂಡವಾಳ ಹಿಂತೆಗೆತದ ಕಥೆ ಹೆಚ್ಚಾಗಿ ಅಮೆರಿಕದ್ದು. 1970ರಲ್ಲಿ ಪೋಲರಾಯ್ಡ್ ಕಂಪನಿಯ ಇಬ್ಬರು ಕರಿಯ ನೌಕರರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್, ತಮ್ಮ ಕಂಪನಿಯ ಕ್ಯಾಮೆರಾ ಪಾಸ್‌ಬುಕ್ಕಿನ ಫೋಟೊಗಳಿಗೆ ಬಳಕೆಯಾಗುತ್ತಿದೆ ಎಂದು ತಿಳಿದು ದನಿಯೆತ್ತಿದರು. ಕಂಪನಿ 1977ರಲ್ಲಿ ಆ ದೇಶ ಬಿಟ್ಟಿತು. ಅದೇ ವರ್ಷ ಹ್ಯಾಂಪ್‌ಶೈರ್ ಕಾಲೇಜು, ದಕ್ಷಿಣ ಆಫ್ರಿಕಾದಲ್ಲಿ ವ್ಯವಹಾರ ನಡೆಸುವ ಕಂಪನಿಗಳ ಷೇರುಗಳನ್ನು ಮಾರಿತು. 1985ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇದೇ ಬೇಡಿಕೆಯಿಟ್ಟು ಕಟ್ಟಡವೊಂದರ ಬಾಗಿಲಿಗೆ ಅಡ್ಡ ಕೂತರು. ಹೀಗೆ ಮಾರಿದ ಷೇರನ್ನು ಮತ್ತೊಬ್ಬರು ಕೊಳ್ಳುತ್ತಾರೆ, ಕಂಪನಿಗೆ ನೇರ ನಷ್ಟವಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. 1986ರಲ್ಲಿ ಜನರಲ್ ಮೋಟಾರ್ಸ್, ಐಬಿಎಂ ಹೊರಟಾಗಲೂ ಕಾರ್ಖಾನೆಗಳು ಸ್ಥಳೀಯರ ಕೈಗೆ ಹೋಗಿ ನಡೆದವು. ಆದರೆ ಷೇರು ಮಾರಾಟದ ಗದ್ದಲ ಬ್ಯಾಂಕುಗಳ ಕಿವಿಗೆ ಬಿದ್ದಿತ್ತು. 1985ರ ಜುಲೈನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದ ಬೆನ್ನಲ್ಲೇ ಚೇಸ್ ಮ್ಯಾನ್‌ಹಟನ್ ಬ್ಯಾಂಕು ಅಲ್ಪಾವಧಿ ಸಾಲಗಳನ್ನು ನವೀಕರಿಸಲು ಒಪ್ಪಲಿಲ್ಲ, ಉಳಿದವು ಹಿಂಬಾಲಿಸಿದವು. ದಕ್ಷಿಣ ಆಫ್ರಿಕಾದ ನಾಣ್ಯ ರ್‍ಯಾಂಡ್ ಕುಸಿಯಿತು, ಸರ್ಕಾರ ವಿದೇಶಿ ಸಾಲದ ಮರುಪಾವತಿಯನ್ನೇ ತಡೆಹಿಡಿಯಿತು. ಆಳುವವರಿಗೆ ನಿಜಕ್ಕೂ ಉಸಿರುಗಟ್ಟಿದ್ದು ಆಗ. ಮರುವರ್ಷ ಅಧ್ಯಕ್ಷ ರೇಗನ್ ವಿಟೊ ಚಲಾಯಿಸಿದರೂ ಅಮೆರಿಕದ ಸಂಸತ್ತು ಅದನ್ನು ಮೀರಿ ನಿರ್ಬಂಧಗಳ ಕಾಯ್ದೆ ತಂದಿತು. ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ ಕೊನೆವರೆಗೂ ವಿರೋಧಿಸಿದರು. ವರ್ಣಭೇದದ ವಿರುದ್ಧ ದಕ್ಷಿಣ ಆಫ್ರಿಕಾದ ಸಂಸತ್ತಿನಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಹೋರಾಡಿದ ಹೆಲೆನ್ ಸುಜ್ಮನ್ ಕೂಡ ಆರ್ಥಿಕ ನಿರ್ಬಂಧವನ್ನು ಒಪ್ಪಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಈ ಇತಿಹಾಸದಲ್ಲಿ ಮನಸ್ಸು ನಿಲ್ಲುವುದು ಐರ್ಲೆಂಡಿನ ಒಂದು ಅಂಗಡಿಯಲ್ಲಿ. 1984ರ ಜುಲೈ 19ರಂದು ಡಬ್ಲಿನ್ನಿನ ಡನ್ಸ್ ಸ್ಟೋರ್ಸ್‌ನಲ್ಲಿ 21 ವರ್ಷದ ಕ್ಯಾಷಿಯರ್ ಮೇರಿ ಮ್ಯಾನಿಂಗ್, ಗಿರಾಕಿ ತಂದ ದಕ್ಷಿಣ ಆಫ್ರಿಕಾದ ಚಕ್ಕೋತ ಜಾತಿಯ ಹಣ್ಣಿಗೆ ಬಿಲ್ ಹಾಕಲು ಒಪ್ಪಲಿಲ್ಲ. ಅವಳ ಕಾರ್ಮಿಕ ಸಂಘದ ಸೂಚನೆ ಹಾಗಿತ್ತು, ಅಷ್ಟೇ. ವರ್ಣಭೇದದ ಬಗ್ಗೆ ಅವಳಿಗೆ ಆಗ ಹೆಚ್ಚು ಗೊತ್ತಿರಲಿಲ್ಲ. ಅಮಾನತಾದ ಅವಳ ಜೊತೆ ಬೆರಳೆಣಿಕೆಯ ಸಹೋದ್ಯೋಗಿಗಳು ಹೊರಬಂದರು. ಮುಷ್ಕರದ ಅಲ್ಪ ಭತ್ಯೆಯಲ್ಲಿ ಮಳೆ ಚಳಿಯೆನ್ನದೆ ಹತ್ತಿರ ಹತ್ತಿರ ಮೂರು ವರ್ಷ ಬೀದಿಯಲ್ಲಿ ನಿಂತರು, ನಿಲ್ಲುತ್ತಲೇ ಕಲಿತರು. ದಕ್ಷಿಣ ಆಫ್ರಿಕಾದ ಬಿಷಪ್ ಡೆಸ್ಮಂಡ್ ಟುಟು ನೊಬೆಲ್ ಸ್ವೀಕರಿಸಲು ಹೋಗುವಾಗ ಅವರನ್ನು ಕಂಡರು. 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿಯ ಆಮದನ್ನು ನಿಷೇಧಿಸಿತು. ಬಾಯ್ಕಾಟ್‌ನ ಹೆಸರು ಪದವಾದ ದೇಶದಲ್ಲೇ ಇದು ನಡೆಯಿತು.

ವರ್ಣಭೇದವನ್ನು ಬಹಿಷ್ಕಾರವೊಂದೇ ಕೆಡವಿತು ಎನ್ನುವುದು ತಪ್ಪಾಗುತ್ತದೆ. ಸೊವೆಟೊದಂಥ ಕೇರಿಗಳ ದಂಗೆ, ಗಣಿ ಕಾರ್ಮಿಕರ ಮುಷ್ಕರ, ಶೀತಲ ಸಮರದ ಕೊನೆ ಎಲ್ಲವೂ ಸೇರಿದವು. ಪ್ರಾಣ ತೆತ್ತವರು ಅಲ್ಲಿಯವರು. ಹೊರಗಿನವರು ಮಾಡಿದ್ದು, ದಬ್ಬಾಳಿಕೆಗೆ ಹೋಗುತ್ತಿದ್ದ ತಮ್ಮ ಪಾಲಿನ ದುಡ್ಡನ್ನು ನಿಲ್ಲಿಸಿದ್ದು. ಅಷ್ಟನ್ನಾದರೂ ಮಾಡಬೇಕಿತ್ತು, ಇನ್ನೂ ಬೇಗ ಮಾಡಬೇಕಿತ್ತು.

1990ರ ಫೆಬ್ರುವರಿ 11ರಂದು ಸೆರೆಯಿಂದ ಹೊರಬಂದ ನೆಲ್ಸನ್ ಮಂಡೇಲ, ನಿರ್ಬಂಧಗಳನ್ನು ಸಡಿಲಿಸಬೇಡಿ ಎಂದು ದೇಶ ದೇಶಗಳಲ್ಲಿ ಕೇಳಿಕೊಂಡರು. ಕ್ರಿಕೆಟ್ಟಿಗೆ ಬಾಗಿಲು ಮೊದಲೇ ತೆರೆಯಿತು: 1991ರ ನವೆಂಬರ್ 10ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ಮತ್ತೆ ಕಣಕ್ಕಿಳಿಯಿತು. ಚುನಾವಣೆಯ ದಾರಿ ಖಚಿತವಾದ ಮೇಲೆ, 1993ರ ಸೆಪ್ಟೆಂಬರ್ 24ರಂದು ವಿಶ್ವಸಂಸ್ಥೆಯಲ್ಲಿ ನಿಂತು ಆರ್ಥಿಕ ನಿರ್ಬಂಧಗಳನ್ನು ತೆಗೆಯಿರಿ ಎಂದವರೂ ಮಂಡೇಲರೇ. ಅದೇ ವರ್ಷದ ನವೆಂಬರ್‌ನಲ್ಲಿ ಭಾರತ, ದಶಕಗಳಿಂದ ಕಡಿದಿದ್ದ ರಾಜತಾಂತ್ರಿಕ ಸಂಬಂಧವನ್ನು ಮತ್ತೆ ಆರಂಭಿಸಿತು.