ಲಾಹೋರಿನ ಫ್ಲಾಪಿಯಿಂದ ನಮ್ಮೂರಿನ ಪೆನ್‌ಡ್ರೈವ್‌ವರೆಗೆ

‘ಯಾವ ಆಂಟಿವೈರಸ್ ಹಾಕಿಸಿದರೆ ಒಳ್ಳೆಯದು?’ ತಾಲ್ಲೂಕು ಕೇಂದ್ರದಲ್ಲಿ ಡಿಟಿಪಿ ಅಂಗಡಿ ಇಟ್ಟವರು, ವಾರಪತ್ರಿಕೆ ನಡೆಸುವವರು, ಮಕ್ಕಳ ಓದಿಗೆಂದು ಮನೆಗೆ ಕಂಪ್ಯೂಟರ್ ತಂದವರು ನಮ್ಮನ್ನು ಕೇಳುವ ಪ್ರಶ್ನೆ ಇದು. ಒಂದು ಕಂಪನಿಯ ಹೆಸರು ಹೇಳಿ ಮುಗಿಸಬಹುದು. ಆದರೆ ಈ ಸರಕು ಹೇಗೆ ಹುಟ್ಟಿತು, ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಕೊಟ್ಟಿತು ಎಂಬ ಚರಿತ್ರೆ ತಿಳಿದರೆ ಆಯ್ಕೆಯನ್ನು ನಾವೇ ಮಾಡಿಕೊಳ್ಳಬಹುದು.

1986ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಸಹೋದರರು ‘ಬ್ರೈನ್’ ಎಂಬ ವೈರಸ್ ಬರೆದರು. ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಅದು. ತಮ್ಮ ಸಾಫ್ಟ್‌ವೇರ್ ನಕಲು ಮಾಡುವವರನ್ನು ಪತ್ತೆಹಚ್ಚಲು ಹಾಗೆ ಮಾಡಿದೆವು ಎಂಬುದು ಅವರ ಸಮಜಾಯಿಷಿ. ವೈರಸ್ಸಿನೊಳಗೆ ತಮ್ಮ ವಿಳಾಸ, ಫೋನ್ ನಂಬರನ್ನೂ ಬರೆದಿದ್ದರು! ಫ್ಲಾಪಿ ಕೈಯಿಂದ ಕೈಗೆ ದಾಟಿ ಅಮೆರಿಕದವರೆಗೂ ಹೋಯಿತು.

ರೋಗದ ಹಿಂದೆಯೇ ಮದ್ದು ಬಂತು. 1987ರಲ್ಲಿ ಅಮೆರಿಕದ ಜಾನ್ ಮೆಕಾಫಿ ಆಂಟಿವೈರಸ್ ಕಂಪನಿ ತೆರೆದರು. ಮರುವರ್ಷ ಚೆಕೊಸ್ಲೊವಾಕಿಯಾದಲ್ಲಿ ಇಂದಿನ ಅವಾಸ್ಟ್‌ನ ಬೀಜ ಬಿತ್ತು. ಇವು ಕೆಲಸ ಮಾಡುತ್ತಿದ್ದ ರೀತಿ ಪೊಲೀಸ್ ಠಾಣೆಯ ರೌಡಿ ಪಟ್ಟಿಯಂತೆ. ಸಿಕ್ಕಿಬಿದ್ದ ವೈರಸ್ಸಿನ ಗುರುತನ್ನು ಪಟ್ಟಿಗೆ ಸೇರಿಸುವುದು, ಕಂಪ್ಯೂಟರಿನ ಫೈಲುಗಳಲ್ಲಿ ಆ ಗುರುತು ಹುಡುಕುವುದು. ಪಟ್ಟಿಯಲ್ಲಿಲ್ಲದ ಹೊಸಬ ಬಂದರೆ ಸುಲಭವಾಗಿ ಒಳಗೆ ಹೋಗುತ್ತಿದ್ದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈಗಿನವು ಪ್ರೋಗ್ರಾಂನ ನಡವಳಿಕೆಯನ್ನೂ ಗಮನಿಸುತ್ತವೆ, ನಿಜ. ಆದರೂ ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಹಿಡಿಯುವ ಪ್ರೋಗ್ರಾಂ ಸಾಧ್ಯವೇ ಇಲ್ಲ ಎಂದು ಅಮೆರಿಕದ ವಿಜ್ಞಾನಿ ಫ್ರೆಡ್ ಕೋಹೆನ್ ಎಂಬತ್ತರ ದಶಕದಲ್ಲೇ ಗಣಿತದಿಂದ ತೋರಿಸಿದ್ದರು. ‘ನೂರಕ್ಕೆ ನೂರು ರಕ್ಷಣೆ’ ಎಂದು ಬರೆದ ಡಬ್ಬಿ ನೋಡಿದಾಗ ಇದು ನೆನಪಿರಲಿ.

ಪತ್ರಿಕೋದ್ಯಮ ಓದಿದ ನಮಗೆ ಮುಖ್ಯವಾದ ವರ್ಷ 1992. ಮಾರ್ಚ್ 6ರಂದು ‘ಮೈಕೆಲ್ಯಾಂಜೆಲೊ’ ವೈರಸ್ ಎದ್ದು ಡಿಸ್ಕ್‌ಗಳನ್ನು ಹಾಳುಮಾಡಲಿದೆ, 50 ಲಕ್ಷದವರೆಗೆ ಕಂಪ್ಯೂಟರುಗಳು ಕೆಡಬಹುದು ಎಂಬ ಸುದ್ದಿ ಅಮೆರಿಕದಲ್ಲಿ ಹಬ್ಬಿತು. ಆ ಅಂಕಿ ಕೊಟ್ಟವರು ಮದ್ದು ಮಾರುವ ಮೆಕಾಫಿಯೇ. ಅನೇಕ ಪತ್ರಿಕೆಗಳು, ಟಿವಿಗಳು ಪರಿಶೀಲಿಸದೆ ಅದನ್ನೇ ಹೇಳಿದವು. ಆ ದಿನ ಕೆಟ್ಟದ್ದು ಕೆಲವು ಸಾವಿರ ಕಂಪ್ಯೂಟರುಗಳಷ್ಟೇ. ಆಂಟಿವೈರಸ್ ಮಾತ್ರ ಭರ್ಜರಿಯಾಗಿ ಮಾರಾಟವಾಯಿತು. ಇಂದು ಪರದೆ ಮೇಲೆ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಈ ನಂಬರಿಗೆ ಕರೆ ಮಾಡಿ’ ಎಂದು ಹೆದರಿಸುವ ಕಿಟಕಿಗಳು ನಡೆಸುವುದೂ ಭಯದ ವ್ಯಾಪಾರವನ್ನೇ.

ನಮ್ಮ ಭಾಗದಲ್ಲಿ ಹೆಸರಾದ ಕ್ವಿಕ್ ಹೀಲ್ ತೊಂಬತ್ತರ ದಶಕದಲ್ಲಿ ಪುಣೆಯಲ್ಲಿ ಹುಟ್ಟಿತು. ಕ್ಯಾಲ್ಕುಲೇಟರ್ ರಿಪೇರಿಯಿಂದ ಜೀವನ ಶುರುಮಾಡಿದ ಕೈಲಾಶ್ ಕಾಟ್ಕರ್ ಮತ್ತು ಪ್ರೋಗ್ರಾಂ ಬರೆದ ಅವರ ತಮ್ಮ ಸಂಜಯ್ ಅದನ್ನು ಕಟ್ಟಿದರು. ಮುಂದೆ ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂತು. ಲಗ್ನಪತ್ರಿಕೆ, ಪಹಣಿ ಪ್ರತಿ, ಪತ್ರಿಕೆಯ ಪುಟ ಎಲ್ಲವೂ ಅದರಲ್ಲೇ ಓಡಾಡಿದವು, ವೈರಸ್ಸೂ ಜೊತೆಗೇ ಓಡಾಡಿತು. ಪೆನ್‌ಡ್ರೈವ್ ಚುಚ್ಚಿದೊಡನೆ ತಾನಾಗಿ ತೆರೆದುಕೊಳ್ಳುವ ವಿಂಡೋಸ್‌ನ ಆಟೋರನ್ ಸೌಲಭ್ಯವೇ 2008ರ ಕಾನ್‌ಫಿಕರ್‌ನಂಥವಕ್ಕೆ ಒಂದು ಹಾದಿಯಾಯಿತು. ಹಳೆಯ ವಿಂಡೋಸ್‌ಗಳಲ್ಲಿ ಮೈಕ್ರೋಸಾಫ್ಟ್ ಆ ಹಾದಿ ಮುಚ್ಚಿದ್ದು 2011ರಲ್ಲಿ.

ಮತ್ತೊಂದು ಪಾಠ ಕಲಿಸಿದ್ದು 2017ರ ಮೇ 12. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ‘ವನ್ನಾಕ್ರೈ’ ಸುಮಾರು 150 ದೇಶಗಳಿಗೆ ಹರಡಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಾಫ್ಟ್‌ವೇರಿನ ದೋಷಪೂರಿತ ಅಪ್‌ಡೇಟಿನಿಂದಲೇ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತವು. ಕಾವಲುಗಾರನ ಕೈಗೆ ಇಡೀ ಮನೆಯ ಬೀಗದಕೈ ಕೊಡುತ್ತೇವೆ, ಆದ್ದರಿಂದ ಯಾರ ಕೈಗೆ ಕೊಡುತ್ತೇವೆ ಎಂಬುದು ಮುಖ್ಯ.

ಇಷ್ಟರಿಂದ ನಾವು ತೆಗೆದುಕೊಳ್ಳುವ ತೀರ್ಮಾನ ಸರಳ. 2012ರ ವಿಂಡೋಸ್ 8ರಿಂದ ಡಿಫೆಂಡರ್ ಒಳಗೇ ಬರುತ್ತಿದೆ. ಅಪ್‌ಡೇಟ್ ನಿಲ್ಲಿಸದಿದ್ದರೆ ಮನೆಯ ಕಂಪ್ಯೂಟರಿಗೆ ಅದು ಸಾಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನು ಗಮನಿಸಿ. ನಾಲ್ಕಾರು ಕಂಪ್ಯೂಟರಿರುವ ಕಚೇರಿಗೆ, ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಬಹುದಾದ ಹಣ ಕೊಟ್ಟ ಸಾಫ್ಟ್‌ವೇರ್ ಒಳ್ಳೆಯದು. ಕೊಳ್ಳುವ ಮುನ್ನ ಜಾಹೀರಾತು ಬಿಟ್ಟು ಎವಿ-ಟೆಸ್ಟ್, ಎವಿ-ಕಂಪ್ಯಾರಟಿವ್ಸ್ ಸಂಸ್ಥೆಗಳ ಪರೀಕ್ಷಾ ಫಲಿತಾಂಶ ನೋಡಿ. ಎರಡು ಆಂಟಿವೈರಸ್ ಒಟ್ಟಿಗೆ ಬೇಡ. ಕ್ರ್ಯಾಕ್ ಮಾಡಿದ್ದಂತೂ ಬೇಡವೇ ಬೇಡ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ವೈರಸ್ ತೆಗೆಯುವ ಉಚಿತ ಸಾಧನಗಳೂ ಸಿಗುತ್ತವೆ.

ಇವೆಲ್ಲಕ್ಕಿಂತ ಮೊದಲು, ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿರಲಿ, ಕೆಲಸ ಮುಗಿದ ಮೇಲೆ ಅದನ್ನು ಕಂಪ್ಯೂಟರಿನಿಂದ ಕಳಚಿಡಿ. ಸುದ್ದಿ ಕೊಟ್ಟವರ ಹೆಸರಿರುವ ಫೈಲನ್ನು ಊರೆಲ್ಲ ಸುತ್ತುವ ಪೆನ್‌ಡ್ರೈವ್‌ಗೆ ಹಾಕಬೇಡಿ. ಹಾಳಾದ ಕಂಪ್ಯೂಟರಿಗೆ ಬದಲಿ ತರಬಹುದು. ನಮ್ಮನ್ನು ನಂಬಿ ಮಾತಾಡಿದವರ ಹೆಸರು ಬಯಲಾದರೆ ಅದನ್ನು ಯಾವ ಆಂಟಿವೈರಸ್ಸೂ ವಾಪಸು ತರಲಾರದು.